ಮಲಗೋ ಕೋಣೆಗೆ ಗಾಢ ಬಣ್ಣ: ಆರಿಸೋದರಿಂದ ಹಚ್ಚೋವರೆಗೆ

ಬಾಟಲಿ ಹಸಿರು, ನೇವಿ ನೀಲಿ, ದಾಳಿಂಬೆ ಕೆಂಪು, ಬದನೆಕಾಯಿ ನೇರಳೆ, ಇದ್ದಿಲು ಬೂದು. ಮೊಬೈಲಿನಲ್ಲಿ ನೋಡಿದರೆ ಎಲ್ಲಾ ಚಂದ. ಅದೇ ಫೋಟೋ ಪೇಂಟರ್‌ಗೆ ತೋರಿಸಿ "ಇದನ್ನೇ ಹಚ್ಚಿಬಿಡ್ರಿ" ಅಂದರೆ ಅವರು ಹಚ್ಚೇಬಿಡುತ್ತಾರೆ. ರಾತ್ರಿ ಟ್ಯೂಬ್‌ಲೈಟ್ ಹಾಕಿದಾಗ ಮನೆಯವರೆಲ್ಲ ಗೋಡೆ ಬಿಟ್ಟು ನಿಮ್ಮ ಮುಖ ನೋಡುತ್ತಾರೆ.

ತಿಳಿ ಕೆನೆ ಬಣ್ಣ ಎಂಥ ಬೆಳಕಿನಲ್ಲೂ ನಡೆದುಹೋಗುತ್ತದೆ. ಗಾಢ ಬಣ್ಣಕ್ಕೆ ಆ ರಿಯಾಯಿತಿ ಇಲ್ಲ. ನಿಮ್ಮ ಊರಿನ ಬಿಸಿಲು, ಕಿಟಕಿಯ ದಿಕ್ಕು, ಕೋಣೆಯ ಬಲ್ಬು, ಕೆಳಗಿನ ಫರಸಿ, ಇಷ್ಟು ಸೇರಿ ಅದು ಹೇಗೆ ಕಾಣಬೇಕು ಅಂತ ತೀರ್ಮಾನ ಮಾಡುತ್ತವೆ. ಅದಕ್ಕೇ ಇಲ್ಲಿ ಶೇಡ್ ಕಾರ್ಡ್, ಅಂದರೆ ಅಂಗಡಿಯ ಬಣ್ಣಗಳ ಮಾದರಿ ಪಟ್ಟಿ, ಸ್ವಲ್ಪ ತಡವಾಗಿ ಬರುತ್ತದೆ.

1. ಮೊದಲು ಕೋಣೆಯ ಬೆಳಕು ನೋಡಿ

ಒಂದು ರಜೆ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆ ಕೋಣೆಗೆ ಹೋಗಿ ಐದೈದು ನಿಮಿಷ ಕೂತು ಬನ್ನಿ. ಲೈಟ್ ಹಾಕಬೇಡಿ. ಯಾವ ಗೋಡೆಗೆ ನೇರ ಬಿಸಿಲು ಬೀಳುತ್ತದೆ, ಯಾವ ಮೂಲೆ ಹಗಲಲ್ಲೂ ಕತ್ತಲು, ಎರಡನ್ನೂ ಗುರುತು ಮಾಡಿಕೊಳ್ಳಿ.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ "ಉತ್ತರದ ಕೋಣೆಯ ಬೆಳಕು ಯಾವಾಗಲೂ ತಣ್ಣಗೆ (ನೀಲಿ ಕಡೆ), ದಕ್ಷಿಣದ ಕೋಣೆಯದು ಯಾವಾಗಲೂ ಬೆಚ್ಚಗೆ (ಹಳದಿ ಕಡೆ)" ಅಂತ ಇರುತ್ತದೆ. ಅದು ಇಂಗ್ಲೆಂಡಿನವರಿಗೆ ಸರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ಆರಂಭದಿಂದ ಆಗಸ್ಟ್ ಆರಂಭದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಆ ದಿನಗಳಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ ಸಂಜೆ ಓರೆ ಬಿಸಿಲು ಬರುತ್ತದೆ. ದಕ್ಷಿಣದ ಕಿಟಕಿಯೊಳಗೆ ಬಿಸಿಲು ಉದ್ದಕ್ಕೆ ಬರೋದು ಚಳಿಗಾಲದಲ್ಲಿ. ಪೂರ್ವದ ಕೋಣೆಯಲ್ಲಿ ಗಾಢ ಬಣ್ಣ ಬೆಳಿಗ್ಗೆ ಒಂದೆರಡು ತಾಸು ಅರಳಿ ಆಮೇಲೆ ಸುಮ್ಮನಾಗುತ್ತದೆ. ಪಶ್ಚಿಮದ್ದಾದರೆ ಸಂಜೆಯ ಕೇಸರಿ ಬೆಳಕಿಗೆ ಬೂದು ಬಣ್ಣ ಕಂದಾಗಿಯೂ ಕೆಂಪು ಬಣ್ಣ ಇನ್ನೂ ಕೆಂಪಾಗಿಯೂ ಕಾಣುತ್ತದೆ.

ಇನ್ನು ಊರಿನ ಮಾತು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಗಟ್ಟಲೆ ಮೋಡ ಮುಸುಕಿರುತ್ತದೆ. ಟಿಳಕವಾಡಿ ಕಡೆಯ ಹಳೇ ಹಂಚಿನ ಮನೆಯಾದರೆ ಸುತ್ತ ಗಿಡ ಬೇರೆ. ಅಲ್ಲಿ ಒಳಗೆ ಬರುವ ಬೆಳಕೇ ನೀಲಿ ಮಿಶ್ರಿತ ಬೂದು, ಅದರ ಮೇಲೆ ನೀಲಿ ಛಾಯೆಯ ಬೂದು ಬಣ್ಣ ಹಚ್ಚಿದರೆ ಆಷಾಢ ಪೂರ್ತಿ ಮನಸ್ಸು ಮಂಕು. ಬೆಳಗಾವಿಗೆ ನನ್ನ ಓಟು ಬೆಚ್ಚನೆ ಗಾಢ ಬಣ್ಣಗಳಿಗೆ: ಕಂದು, ಇಟ್ಟಿಗೆ ಕೆಂಪು, ಹಳದಿ ಮಿಶ್ರ ಇರುವ ಕಡು ಹಸಿರು. ವಿಜಯಪುರ, ಬಾಗಲಕೋಟೆಯಲ್ಲಿ ಉಲ್ಟಾ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಬಂದರೆ ಕಣ್ಣಿಗೆ ತಂಪು ಬೇಕು. ಅಲ್ಲಿ ನೇವಿ, ನವಿಲು ನೀಲಿ, ಬಾಟಲಿ ಹಸಿರು ಚೆನ್ನಾಗಿ ಕೂರುತ್ತವೆ.

"ಕರಿ ಬಣ್ಣ ಹಚ್ಚಿದರೆ ಸೆಕೆ ಜಾಸ್ತಿ ಆಗ್ತದಲ್ಲ?" ಅಂತ ವಿಜಯಪುರದಲ್ಲಿ ಎಲ್ಲರೂ ಕೇಳುತ್ತಾರೆ. ಮಾಳಿಗೆ ಮತ್ತು ಹೊರಗಿನ ಗೋಡೆಯ ಬಣ್ಣಕ್ಕೆ ಆ ಮಾತು ನಿಜ, ಅಲ್ಲಿ ಬಿಸಿಲು ನೇರ ಬೀಳುತ್ತದೆ. ಒಳಗಿನ ಗೋಡೆಯ ಬಣ್ಣದಿಂದ ಆಗುವ ವ್ಯತ್ಯಾಸ ತೀರಾ ಕಡಿಮೆ. ಸೆಕೆ ಕಡಿಮೆ ಆಗಬೇಕಿದ್ದರೆ ಮಾಳಿಗೆ ಮೇಲೆ ಬಿಳಿ ಹಚ್ಚಿಸಿ, ಒಳಗೆ ನಿಮಗೆ ಬೇಕಾದ್ದು ಹಚ್ಚಿ.

ಫರಸಿ ಮತ್ತು ಬಾಗಿಲನ್ನೂ ನೋಡಿ. ಎರಡೂ ಬದಲಾಗುವುದಿಲ್ಲ, ಹಾಗಾಗಿ ಬಣ್ಣವೇ ಅವಕ್ಕೆ ಹೊಂದಿಕೊಳ್ಳಬೇಕು. ಬೂದು ಶಹಾಬಾದ್ ಫರಸಿ ಇದ್ದರೆ ನೀವು ಪುಣ್ಯವಂತರು, ಬಹುತೇಕ ಎಲ್ಲ ಗಾಢ ಬಣ್ಣವೂ ಹೊಂದುತ್ತದೆ. ಹೊಳೆಯುವ ಕೆನೆ ಬಣ್ಣದ ವಿಟ್ರಿಫೈಡ್ ಟೈಲ್ಸ್ ಇದ್ದರೆ ಅದರ ಹಳದಿ ಗೋಡೆಗೆ ಪ್ರತಿಫಲಿಸುತ್ತದೆ, ನೀಲಿ ಛಾಯೆಯ ಬೂದು ಅದರ ಪಕ್ಕದಲ್ಲಿ ಕೊಳಕಾಗಿ ಕಾಣುತ್ತದೆ. ಕೆಂಪು ಛಾಯೆಯ ಇಳಕಲ್ ಗ್ರಾನೈಟ್ ಇದ್ದಲ್ಲಿ ಗೋಡೆಗೂ ಕೆಂಪು ಬೇಡ. ಪಾಲಿಶ್ ಮಾಡಿದ ಸಾಗವಾನಿ ಬಾಗಿಲು ಹಸಿರು ಮತ್ತು ನೇವಿ ಗೋಡೆಯಲ್ಲಿ ಎದ್ದು ಕಾಣುತ್ತದೆ. ಚಾಕೊಲೇಟ್ ಕಂದಿನಲ್ಲಿ ಕಳೆದೇ ಹೋಗುತ್ತದೆ.

2. ಬಲ್ಬು ಬದಲಿಸಿ, ಆಮೇಲೆ ಬಣ್ಣ

ಇದನ್ನು ಯಾರೂ ಮಾಡುವುದಿಲ್ಲ. ಆದರೆ ಮಲಗೋ ಕೋಣೆಯನ್ನು ನಾವು ಜಾಸ್ತಿ ನೋಡುವುದೇ ರಾತ್ರಿ ಅಲ್ವಾ?

ಎಲ್‌ಇಡಿ ಬಲ್ಬಿನ ಡಬ್ಬಿ ಮೇಲೆ 2700, 3000, 4000, 6500 ಅಂತ ಕೆಲ್ವಿನ್ ಲೆಕ್ಕ ಬರೆದಿರುತ್ತದೆ, ಬೆಳಕು ಎಷ್ಟು ಹಳದಿ ಎಷ್ಟು ಬಿಳಿ ಅನ್ನುವುದು ಅದು. 6500 ಅಂದರೆ ನಮ್ಮ ಮಾಮೂಲಿ ಬೆಳ್ಳನೆ ಟ್ಯೂಬ್‌ಲೈಟ್. ಅದರ ಕೆಳಗೆ ಕಂದು, ಮರೂನ್ ಎರಡೂ ಸತ್ತ ಬಣ್ಣ. ನೀಲಿ ಇನ್ನೂ ತಣ್ಣಗಾಗುತ್ತದೆ. 2700ರಿಂದ 3000ದ ಹಳದಿ ಬೆಳಕಿನಲ್ಲಿ ಇಟ್ಟಿಗೆ ಕೆಂಪು, ಕಂದು ಜೀವ ತಳೆಯುತ್ತವೆ. ಹಸಿರು ಸ್ವಲ್ಪ ಆಲಿವ್ ಕಡೆ ವಾಲುತ್ತದೆ, ನೇವಿ ಕಪ್ಪಿನ ಹತ್ತಿರ ಹೋಗುತ್ತದೆ. ಗಾಢ ಗೋಡೆಗೆ ನಾನು ಹೇಳುವುದು 3000. ತಲೆ ಮೇಲಿನ ಒಂದೇ ಲೈಟಿನ ಮೇಲೆ ಭಾರ ಹಾಕದೆ ಮಂಚದ ಎರಡೂ ಕಡೆ ಒಂದೊಂದು ಚಿಕ್ಕ ದೀಪ, ಬೀರು ಪಕ್ಕ ಇನ್ನೊಂದು ಇಡಿ. ಸೀರೆ ಆರಿಸಲು, ಪಿನ್ನು ಹುಡುಕಲು ಬೆಳ್ಳನೆ ಲೈಟ್ ಬೇಕೇ ಬೇಕು ಅನ್ನುವವರು ಅದನ್ನು ಬೇರೆ ಸ್ವಿಚ್‌ಗೆ ಹಾಕಿಸಿಕೊಳ್ಳಿ.

ಸಿಆರ್‌ಐ ಅಂತಲೂ ಒಂದು ಸಂಖ್ಯೆ ಇರುತ್ತದೆ. ಅದು 90 ಅಥವಾ ಮೇಲಿದ್ದರೆ ಬಣ್ಣಗಳು, ಮುಖ್ಯವಾಗಿ ಕೆಂಪು, ಸರಿಯಾಗಿ ಕಾಣುತ್ತವೆ.

ಇನ್ನೊಂದು ವಿಷಯ. ಬೆಳಕು ತೀರಾ ಮಂದವಾದಾಗ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವ ಬಣ್ಣ ಕೆಂಪು. ನೀಲಿ, ಹಸಿರು ಆಗಲೂ ಸ್ವಲ್ಪ ತಿಳಿಯಾಗಿ ಕಾಣುತ್ತವೆ. ಇದನ್ನು ಗಮನಿಸಿ ಹೇಳಿದವನು 19ನೇ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆ. ನಮಗೆ ಇದರಿಂದ ಗೊತ್ತಾಗಬೇಕಾದ್ದು ಇಷ್ಟೇ: ಝೀರೋ ಬಲ್ಬಿನಲ್ಲಿ ವೈನ್ ಬಣ್ಣದ ಗೋಡೆ ಹೆಚ್ಚುಕಮ್ಮಿ ಕಪ್ಪು. ಆ ಕೆಂಪು ರಾತ್ರಿಯೂ ಕಾಣಬೇಕು ಅಂತಿದ್ದರೆ ದೀಪ ಗೋಡೆಗೆ ಹತ್ತಿರ ಇರಲಿ.

3. ಈಗ ಶೇಡ್ ಕಾರ್ಡ್

ಅಂಗಡಿಯಲ್ಲಿ ಪುಸ್ತಕದ ಗಾತ್ರದ ಶೇಡ್ ಕಾರ್ಡ್ ಕೈಗೆ ಕೊಡುತ್ತಾರೆ. ಮೊದಲು ಎಲ್‌ಆರ್‌ವಿ ಕೇಳಿ. ಬಣ್ಣ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ ಅದು. 0 ಅಂದರೆ ಪೂರಾ ಕಪ್ಪು, 100 ಅಂದರೆ ಪೂರಾ ಬಿಳಿ. ಮಾಮೂಲಿ ಬಿಳಿ ಪೇಂಟ್ 80ರ ಮೇಲಿರುತ್ತದೆ. 20ರ ಕೆಳಗೆ ಬಂದರೆ ಗಾಢ, 10ರ ಕೆಳಗೆ ಕಡು ಗಾಢ. ಒಂದೇ ಚಿಕ್ಕ ಕಿಟಕಿ ಇರುವ ಕೋಣೆಗೆ, ಮೊದಲ ಸಲ ಹಚ್ಚಿಸುವವರಿಗೆ, 10ರಿಂದ 20ರ ನಡುವಿನದು ಸಾಕು. ಕಾರ್ಡ್ ಮೇಲೆ ಈ ಅಂಕಿ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಶೇಡ್ ನಂಬರ್ ಹಾಕಿ ನೋಡಿ, ಬಹಳಷ್ಟು ಕಂಪನಿಗಳು ಕೊಡುತ್ತವೆ.

ಆಮೇಲೆ ಒಳಛಾಯೆ. ಎಲ್ಲ ಬೂದೂ ಒಂದೇ ಅಲ್ಲ, ಒಂದರಲ್ಲಿ ನೀಲಿ ಇರುತ್ತದೆ, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ನೇರಳೆ. ಕಾರ್ಡಿನ ಪಕ್ಕ ಒಂದು ಬಿಳಿ ಎ4 ಹಾಳೆ ಇಡಿ, ಅದೇ ಪಟ್ಟಿಯ ತೀರಾ ತಿಳಿ ಬಣ್ಣವನ್ನೂ ನೋಡಿ. ಗಾಢದಲ್ಲಿ ಅಡಗಿದ್ದು ತಿಳಿಯಲ್ಲಿ ಹೊರಬೀಳುತ್ತದೆ. ಕಾರ್ಡ್ ಹಿಡಿದು ಅಂಗಡಿ ಹೊರಗೆ ಬನ್ನಿ, ಒಳಗಿನ ಬೆಳ್ಳನೆ ಲೈಟನ್ನು ನಂಬಬೇಡಿ.

ಬಣ್ಣಗಳ ಬಗ್ಗೆ ನನ್ನ ಅನಿಸಿಕೆ ಹೀಗಿದೆ, ಒಪ್ಪದಿದ್ದರೆ ಬಿಡಿ. ಬಾಟಲಿ ಹಸಿರು ನಮ್ಮ ಮನೆಗಳಿಗೆ ಅತಿ ಕಡಿಮೆ ಅಪಾಯದ ಗಾಢ ಬಣ್ಣ. ಮರ, ಹಿತ್ತಾಳೆ, ಕೌದಿ, ಯಾವುದರ ಜೊತೆಗೂ ಜಗಳ ಆಡುವುದಿಲ್ಲ. ನೇವಿ ಎರಡನೇದು, ಆದರೆ ಸ್ವಲ್ಪ ಹಸಿರು ಬೆರೆತದ್ದನ್ನು ಆರಿಸಿ, ಇಲ್ಲದಿದ್ದರೆ ಶಾಲೆಯ ಯೂನಿಫಾರ್ಮ್ ನೆನಪಾಗುತ್ತದೆ. ಬಾದಾಮಿ ಬಂಡೆಯ ಕೆಂಪಿಗೆ ಒಂದೆರಡು ಹಂತ ಕಂದು ಬೆರೆಸಿದ ಬಣ್ಣ ನನಗೆ ಬಹಳ ಇಷ್ಟ, ಬಾಗಲಕೋಟೆ ನವನಗರದ ಹೊಸ ಮನೆಗಳಲ್ಲಿ ಯಾಕೆ ಯಾರೂ ಹಚ್ಚಿಸುವುದಿಲ್ಲವೋ ಗೊತ್ತಿಲ್ಲ. ಎರೆಮಣ್ಣಿನಂಥ ಕಂದುಗಪ್ಪು ಚಂದವೇ, ಆದರೆ ದೀಪಕ್ಕೆ ಖರ್ಚು ಮಾಡುವವರಿಗೆ ಮಾತ್ರ. ನೇರಳೆ ಕಷ್ಟ. ಬೆಳ್ಳನೆ ಲೈಟಿನಲ್ಲಿ ಒಂದು ಬಣ್ಣ, ಹಳದಿ ಲೈಟಿನಲ್ಲಿ ಇನ್ನೊಂದು, ಬೆಳಿಗ್ಗೆ ಮತ್ತೊಂದು. ಪೂರಾ ಕಪ್ಪು ಬೇಡ, ಇದ್ದಿಲು ಬಣ್ಣ ಅದರ ಕೆಲಸ ಮಾಡುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಇಲ್ಲಿ ಒಂದು ಸುತ್ತು ಪಂಚಾಯ್ತಿ ಗ್ಯಾರಂಟಿ. "ಮಲಗೋ ಖೋಲಿಗೆ ಕರಿ ಬಣ್ಣ ಯಾರಾದ್ರೂ ಹಚ್ತಾರೇನ?" ಅಂತ ಅತ್ತೆ ಕೇಳಿದರೆ ಚಂದ್ರಕಾಳಿ ಸೀರೆ ನೆನಪು ಮಾಡಿ. ಮೈಯೆಲ್ಲ ಕಪ್ಪು, ಆದರೆ ಅಂಚಿನಿಂದಾಗಿ ಅದಕ್ಕೆ ಕಳೆ. ಗೋಡೆಗೂ ಅದೇ ಲೆಕ್ಕ: ಗಾಢ ಮೈಗೆ ಒಂದು ಬೆಚ್ಚನೆ ಅಂಚು ಬೇಕು. ಅದು ಸಾಗವಾನಿ ಚೌಕಟ್ಟಾಗಬಹುದು, ಕೆನೆ ಬಣ್ಣದ ಪರದೆ ಆಗಬಹುದು, ಮಂಚದ ಮೇಲೆ ಗುಳೇದಗುಡ್ಡ ಖಣದ ನಾಲ್ಕು ದಿಂಬಿನ ಕವರ್ ಆಗಬಹುದು.

4. ಒಂದು ಗೋಡೆಯೋ, ನಾಲ್ಕೋ?

ಎಲ್ಲರೂ ಒಂದೇ ಗೋಡೆಗೆ ಹಚ್ಚಿಸುತ್ತಾರೆ, ಪೇಂಟರ್ ಅದಕ್ಕೆ ಹೈಲೈಟ್ ಅನ್ನುತ್ತಾರೆ. ಮಂಚದ ತಲೆ ಕಡೆಯ ಗೋಡೆಯಾದರೆ ಸರಿ. ಬಾಗಿಲು, ಕಿಟಕಿ, ಬೀರು ಎಲ್ಲ ತುಂಬಿದ ಗೋಡೆಗೆ ಹಚ್ಚಿದರೆ ತುಂಡು ತುಂಡಾಗಿ ಕಾಣುತ್ತದೆ. ಕಿಟಕಿ ಇರುವ ಗೋಡೆಯನ್ನೊಂದೇ ಗಾಢ ಮಾಡಲೇಬೇಡಿ. ಕಿಟಕಿಯ ಬೆಳಕು, ಪಕ್ಕದ ಕತ್ತಲು, ಎರಡನ್ನೂ ಒಟ್ಟಿಗೆ ನೋಡಿ ಕಣ್ಣು ಸೋಲುತ್ತದೆ.

ಗಾಢ ಬಣ್ಣದ ನಿಜವಾದ ಗಮ್ಮತ್ತು ಬೇಕಿದ್ದರೆ ನಾಲ್ಕೂ ಗೋಡೆ. ಧೈರ್ಯ ಬೇಕು, ಆದರೆ ಮೂಲೆಗಳು ಕರಗಿ ಕೋಣೆಯ ಅಳತೆ ಕಣ್ಣಿಗೆ ಸಿಗುವುದಿಲ್ಲ, ಹಾಗಾಗಿ ಚಿಕ್ಕ ಕೋಣೆ ಚಿಕ್ಕದಾಗಿ ಕಾಣುತ್ತದೆ ಅನ್ನುವ ಭಯ ಅರ್ಧ ಸುಳ್ಳು. ಮೇಲಿನ ಸ್ಲ್ಯಾಬ್‌ಗೆ ಮಾತ್ರ ಬೆಳ್ಳಿಯಂಥ ಬಿಳಿ ಹಚ್ಚಬೇಡಿ, ಗೋಡೆ ಕತ್ತರಿಸಿದ ಹಾಗಾಗುತ್ತದೆ. ಕೆನೆ ಬಿಳಿ, ಅಥವಾ ಅದೇ ಬಣ್ಣದ ಕಾಲು ಭಾಗ ಗಾಢತೆಯದ್ದು ಹಾಕಿಸಿ. ಹಂಚಿನ ಮನೆಯ ತೊಲೆಗಳಿದ್ದರೆ ಅವನ್ನು ಹಾಗೇ ಬಿಡಿ.

ಬಿಳಿ ಸ್ವಿಚ್‌ಬೋರ್ಡ್, ಬಿಳಿ ಎಸಿ, ಬಿಳಿ ಪೈಪು. ತಿಳಿ ಗೋಡೆಯಲ್ಲಿ ಕಾಣದೇ ಇದ್ದ ಇವೆಲ್ಲ ಗಾಢ ಗೋಡೆಯಲ್ಲಿ ಹಲ್ಲು ಕಿರಿಯುತ್ತವೆ. ಸ್ವಿಚ್ ಪ್ಲೇಟ್ ಬೂದು ಅಥವಾ ಕಪ್ಪಿನಲ್ಲಿ ಸಿಗುತ್ತದೆ, ಅದಕ್ಕೊಂದಿಷ್ಟು ದುಡ್ಡು ತೆಗೆದಿಡಿ.

5. ಸ್ಯಾಂಪಲ್ ಹಚ್ಚದೆ ಡಬ್ಬಿ ಕೊಳ್ಳಬೇಡಿ

ಮಷೀನಿನಲ್ಲಿ ಮಿಕ್ಸ್ ಮಾಡಿದ ಬಣ್ಣ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎರಡು ಅಥವಾ ಮೂರು ಶೇಡ್‌ಗಳ ಚಿಕ್ಕ ಡಬ್ಬಿ ಮೊದಲು ತನ್ನಿ, ಚಿಕ್ಕದು ಸಿಗದಿದ್ದರೆ ಒಂದೊಂದು ಲೀಟರ್.

ಹಳೇ ಗುಲಾಬಿ ಗೋಡೆ ಮೇಲೆ ಮೂರು ಪಟ್ಟಿ ಪಕ್ಕಪಕ್ಕ ಹಚ್ಚಿ ನೋಡಿದರೆ ಏನೂ ತಿಳಿಯುವುದಿಲ್ಲ, ಹಿಂದಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡು ಅಡಿ ಚೌಕದ ಪ್ಲೈವುಡ್ ಅಥವಾ ದಪ್ಪ ರಟ್ಟು ತಗೊಳ್ಳಿ, ಬಿಳಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ ಎರಡು ಕೈ. ಸುತ್ತ ಒಂದಿಂಚು ಬಿಳಿ ಬಿಡಿ. ಹಸಿ ಇದ್ದಾಗ ನೋಡಿ ಗಾಬರಿಯಾಗಬೇಡಿ: ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಹಸಿಯಾಗಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಒಂದು ಹಂತ ಗಾಢವಾಗುತ್ತದೆ. ಮರುದಿನ ಆ ಹಲಗೆಯನ್ನು ಕೋಣೆಯಲ್ಲಿ ಸುತ್ತಾಡಿಸಿ. ಮಂಚದ ಹಿಂದೆ ಇಡಿ, ಬಾಗಿಲ ಪಕ್ಕ ಇಡಿ, ಫರಸಿಗೆ ತಾಗಿಸಿ ಇಡಿ, ಕತ್ತಲೆ ಮೂಲೆಯಲ್ಲಿ ಇಡಿ. ಬೆಳಿಗ್ಗೆ ಎದ್ದ ಕೂಡಲೇ ನೋಡಿ, ಮಧ್ಯಾಹ್ನ ಪರದೆ ಎಳೆದು ನೋಡಿ, ರಾತ್ರಿ ನಿಮ್ಮ 3000 ಕೆಲ್ವಿನ್ ದೀಪದಲ್ಲಿ ನೋಡಿ. ಮಧ್ಯಾಹ್ನ ಇಷ್ಟವಾಗಿ ರಾತ್ರಿ ಬೇಸರ ಬಂದರೆ ರಾತ್ರಿಯ ಮಾತು ಕೇಳಿ.

6. ಅಂಗಡಿಯಲ್ಲಿ

ಗಾಢ ಬಣ್ಣ ಯಾಕೆ ದುಬಾರಿ ಅಂತ ಕೇಳುತ್ತೀರಿ. ಮಷೀನಿನ ಎದುರು ನಿಂತು ನೋಡಿ. ತಿಳಿ ಬಣ್ಣಕ್ಕೆ ಬಿಳಿ ಬೇಸ್‌ನಲ್ಲಿ (ಮೂಲ ಪೇಂಟ್‌ನಲ್ಲಿ) ನಾಲ್ಕು ಹನಿ ಸ್ಟೇನರ್, ಅಂದರೆ ಬಣ್ಣ ಕೊಡುವ ದ್ರವ, ಬಿದ್ದರೆ ಮುಗಿಯಿತು. ಬಾಟಲಿ ಹಸಿರಿಗೆ ನಳಿಕೆಯಿಂದ ಕಪ್ಪು, ಹಸಿರು, ಹಳದಿ ದಾರದಂತೆ ಒಂದೇ ಸಮ ಸುರಿಯುತ್ತಿರುತ್ತದೆ, ಡಬ್ಬಿಯ ಬೇಸ್ ಮಧ್ಯೆ ಗುಂಡಿ ಬೀಳುತ್ತದೆ. ಬೇಸೂ ಬೇರೆಯೇ. ಬಿಳಿ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಜಾಸ್ತಿ, ಅದರಲ್ಲಿ ಎಷ್ಟು ಬಣ್ಣ ಸುರಿದರೂ ಗಾಢ ಬರುವುದಿಲ್ಲ. ಅದಕ್ಕೇ ಡೀಪ್ ಬೇಸ್, ಆಕ್ಸೆಂಟ್ ಬೇಸ್ ಅಂತ ಇರುತ್ತವೆ. ಅವುಗಳಲ್ಲಿ ಆ ಬಿಳಿ ಕಡಿಮೆ, ಹಾಗಾಗಿ ಗೋಡೆ ಮುಚ್ಚುವ ಶಕ್ತಿ ಸ್ಟೇನರ್ ಮೇಲೆ ನಿಂತಿರುತ್ತದೆ. ಕೆಂಪಿನ ಸ್ಟೇನರ್‌ಗೆ ಮುಚ್ಚುವ ಶಕ್ತಿ ಸಾಮಾನ್ಯವಾಗಿ ಕಡಿಮೆ. ವೈನ್, ಮರೂನ್ ಹಚ್ಚಿಸುವವರು ಮೂರು ಕೈಗೆ ತಯಾರಿರಿ.

ಲೆಕ್ಕ ಹೀಗೆ: ಪುಟ್ಟಿ, ಪ್ರೈಮರ್ ಆದ ಗೋಡೆಗೆ ಒಳ್ಳೆ ಎಮಲ್ಷನ್ ಲೀಟರಿಗೆ ಎರಡು ಕೈಯಲ್ಲಿ ಸುಮಾರು 65 ಚದರ ಅಡಿ ಬರುತ್ತದೆ ಅಂದುಕೊಳ್ಳಿ. 10 ಬೈ 12 ಅಡಿ ಕೋಣೆ, ಎತ್ತರ 10 ಅಡಿ ಅಂದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ 400. ಎರಡು ಕೈಗೆ 6 ಲೀಟರ್‌ಗೆ ಸ್ವಲ್ಪ ಮೇಲೆ, ಮೂರು ಕೈಗೆ 9ರ ಹತ್ತಿರ. ಮಂಚದ ಹಿಂದಿನ ಒಂದೇ ಗೋಡೆಗೆ 2 ಲೀಟರ್. ಬೇಕಾದ್ದೆಲ್ಲ ಒಂದೇ ಸಲ ಮಿಕ್ಸ್ ಮಾಡಿಸಿ, ಮನೆಗೆ ತಂದು ಎಲ್ಲ ಡಬ್ಬಿಯನ್ನೂ ಒಂದು ದೊಡ್ಡ ಬಕೆಟ್‌ನಲ್ಲಿ ಕಲಸಿ. ಎರಡು ಡಬ್ಬಿಯ ಚೂರು ವ್ಯತ್ಯಾಸ ಗಾಢ ಗೋಡೆಯಲ್ಲಿ ದೂರದಿಂದಲೇ ಗೊತ್ತಾಗುತ್ತದೆ.

ಫಿನಿಶ್ ವಿಷಯಕ್ಕೆ ಬಂದರೆ, ಪೂರಾ ಮ್ಯಾಟ್ ಅತಿ ಚಂದ. ಆದರೆ ಕೈ ತಾಗಿದಲ್ಲಿ, ಕುರ್ಚಿ ಉಜ್ಜಿದಲ್ಲಿ ಬಿಳಿಚಿದ ಗೆರೆ ಉಳಿಯುತ್ತದೆ. ಜಾಸ್ತಿ ಹೊಳಪಿನದ್ದು ಒರೆಸಲು ಸುಲಭ, ಆದರೆ ಗೌಂಡಿ ಮಾಡಿದ ಗಿಲಾವಿನ ಎಲ್ಲ ಉಬ್ಬು ತಗ್ಗು ಮೆರವಣಿಗೆ ಹೊರಡುತ್ತದೆ. ತೊಳೆಯಬಹುದಾದ ಮ್ಯಾಟ್ ಅಥವಾ ಸಾಫ್ಟ್ ಶೀನ್ ಕೇಳಿ.

7. ಗೋಡೆ ತಯಾರಿ

ಗೋಡೆ ಒದ್ದೆ ಇದ್ದರೆ ಬಣ್ಣದ ಮಾತೇ ಬೇಡ. ಒದ್ದೆಯಿಂದ ಹೊರಬರುವ ಬಿಳಿ ಉಪ್ಪು ತಿಳಿ ಗೋಡೆಯಲ್ಲಿ ಕಾಣುವುದಿಲ್ಲ, ನೇವಿ ಮೇಲೆ ನಕ್ಷೆ ಬಿಡಿಸುತ್ತದೆ. ಬೆಳಗಾವಿಯವರು ಮಳೆಗಾಲ ಮುಗಿದು ಗೋಡೆ ಒಣಗುವವರೆಗೆ ತಡೆಯಿರಿ, ದಸರಾ ದೀಪಾವಳಿ ನಡುವೆ ಪೇಂಟರ್ ಸಿಗುವುದು ಕಷ್ಟ, ಮೊದಲೇ ಹೇಳಿಡಿ. ಹೊಸ ಗಿಲಾವಿಗೆ ಕನಿಷ್ಠ 28 ದಿನ ಬಿಡಿ. ಮಣ್ಣು, ಸುಣ್ಣದ ಹಳೇ ಗೋಡೆಗಳಿಗೆ ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಪದರ ಎದ್ದುಬರುತ್ತದೆ. ಅಂಥ ಗೋಡೆಗೆ ಸುಣ್ಣದಲ್ಲೇ ಬಣ್ಣ ಬೆರೆಸಿ ಹಚ್ಚಿ, ಕಡು ಗಾಢ ಬರುವುದಿಲ್ಲ, ಮಣ್ಣಿನ ಬಣ್ಣಗಳು ಬರುತ್ತವೆ.

ವಿಜಯಪುರದಲ್ಲಿ ಪಶ್ಚಿಮದ ಗೋಡೆ ಬೇಸಿಗೆಯಿಡೀ ಕಾದು ಕೂದಲೆಳೆ ಬಿರುಕು ಬಿಟ್ಟಿರುತ್ತದೆ. ಬಿರುಕನ್ನು ಸ್ವಲ್ಪ ಅಗಲ ಮಾಡಿ ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಪುಟ್ಟಿ ಎರಡು ಕೈ, ಆಮೇಲೆ ಸ್ಯಾಂಡ್‌ಪೇಪರ್. ಪೇಂಟರ್ "ಆಯ್ತ್ರಿ" ಅಂದ ಮೇಲೆ ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿಕೊಂಡು ಓರೆಯಾಗಿ ಬಿಡಿ. ಪುಟ್ಟಿ ಎಳೆದ ಪಟ್ಟಿಯ ಗೆರೆ, ಕುಳಿ, ಉಳಿದ ಹರಳು ಎಲ್ಲ ನೆರಳು ಬೀರುತ್ತವೆ. ಪೆನ್ಸಿಲಿನಿಂದ ಗುಂಡು ಹಾಕಿ ತೋರಿಸಿ, ಅವರಿಗೆ ಸಿಟ್ಟು ಬಂದರೂ ಪರವಾಗಿಲ್ಲ.

ಪ್ರೈಮರ್ ಬಿಳಿ ಬೇಡ, ಅದಕ್ಕೆ ಸ್ವಲ್ಪ ಕಪ್ಪು ಸ್ಟೇನರ್ ಹಾಕಿಸಿ ಬೂದು ಮಾಡಿಸಿ. ಒಂದು ಕೈ ಬಣ್ಣದ ಖರ್ಚು ಉಳಿಯಬಹುದು. ಗೋಡೆ ಮೇಲೆ ಹಳೇ ಆಯಿಲ್ ಪೇಂಟ್ ಇದ್ದರೆ ಒಣದಾಗಿ ಕೆರೆಯಬೇಡಿ, ಅದರಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಒದ್ದೆ ಮಾಡಿ ಉಜ್ಜಿಸಿ, ಮಕ್ಕಳು ಆ ದಿನ ಬೇರೆ ಕಡೆ ಇರಲಿ.

8. ಹಚ್ಚುವ ದಿನ

ಬೇಸಿಗೆಯಾದರೆ ಬೆಳಿಗ್ಗೆ ಬೇಗ ಶುರುಮಾಡಿಸಿ, ಫ್ಯಾನ್ ಆಫ್ ಮಾಡಿ. ಬಣ್ಣ ಬೇಗ ಒಣಗಿದರೆ ರೋಲರ್ ಮೇಲೆ ಮೇಲೆ ಹೋದ ಗೆರೆ ಉಳಿಯುತ್ತದೆ, ಗಾಢ ಬಣ್ಣದಲ್ಲಿ ಅದು ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಶುರು ಮಾಡಿದ ಗೋಡೆಯನ್ನು ಮುಗಿಸಿಯೇ ಚಹಾಕ್ಕೆ ಹೋಗಬೇಕು ಅಂತ ಮೊದಲೇ ಹೇಳಿ. ಮೂಲೆ ಬ್ರಷ್ ಮತ್ತು ಗೋಡೆ ರೋಲರ್ ಒಟ್ಟೊಟ್ಟಿಗೆ ಸಾಗಲಿ, ಇಲ್ಲದಿದ್ದರೆ ಸುತ್ತ ಚೌಕಟ್ಟು ಬೀಳುತ್ತದೆ. ಎರಡು ಕೈ ನಡುವೆ ಡಬ್ಬಿ ಮೇಲೆ ಬರೆದಷ್ಟು ಸಮಯ ಬಿಡಿ, ಸಾಮಾನ್ಯವಾಗಿ 4ರಿಂದ 6 ತಾಸು. ನೀರು ಜಾಸ್ತಿ ಬೆರೆಸಲು ಬಿಡಬೇಡಿ. ಮಾಸ್ಕಿಂಗ್ ಟೇಪನ್ನು ಕೊನೆಯ ಕೈ ಪೂರಾ ಒಣಗುವ ಮೊದಲೇ ತೆಗೆಯಿರಿ.

9. ಆಮೇಲೆ

ಮೂರು ನಾಲ್ಕು ವಾರ ಗೋಡೆ ಒರೆಸಬೇಡಿ. ಆಮೇಲೂ ಒಣ ಬಟ್ಟೆಯಿಂದ ಜೋರಾಗಿ ಉಜ್ಜಬೇಡಿ, ಮೃದುವಾದ ಬ್ರಷ್‌ನಿಂದ ಧೂಳು ಜಾಡಿಸಿ. ಬಾಗಲಕೋಟೆ, ವಿಜಯಪುರದ ಧೂಳು ನೇವಿ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಅದಕ್ಕೆ ತಯಾರಾಗಿರಿ. ಸೊಳ್ಳೆ ಮಾತ್ರ ಕಾಣುವುದಿಲ್ಲ, ಕಿಟಕಿಗೆ ಜಾಳಿ ಹಾಕಿಸಿ.

ಅರ್ಧ ಲೀಟರ್ ಬಣ್ಣ ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಡಿ, ಮುಚ್ಚಳದ ಮೇಲಿನ ಶೇಡ್ ಕೋಡ್ ಚೀಟಿಯ ಫೋಟೋ ತೆಗೆದಿಡಿ. ಗಾಢ ಗೋಡೆಗೆ ನಡುವೆ ತೇಪೆ ಹಚ್ಚಿದರೆ ಗೊತ್ತಾಗುತ್ತದೆ. ಕಲೆ ದೊಡ್ಡದಾದರೆ ಮೂಲೆಯಿಂದ ಮೂಲೆಗೆ ಆ ಗೋಡೆ ಪೂರ್ತಿ ಹಚ್ಚಿಸುವುದೇ ದಾರಿ.

ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಹಚ್ಚಿ. ಬಿಡುವಾಗ ವಾಪಸ್ ಬಿಳಿ ಮಾಡಲು ಒಂದು ಕೈ ಪ್ರೈಮರ್, ಮೇಲೆ ಎರಡರಿಂದ ಮೂರು ಕೈ ಬಿಳಿ ಬೇಕಾಗುತ್ತದೆ, ಡಿಪಾಸಿಟ್‌ನಲ್ಲಿ ಅದನ್ನು ಮುರಿದುಕೊಳ್ಳುವ ಮಾತು ಮೊದಲೇ ಆಗಿಬಿಡಲಿ.